ಬಾಯಿಯಿಂದ ಈಡು ತುಂಬುವ ರೈಫಲ್‌ಗೆ ಸಲಕರಣೆ ಆರಿಸುವುದು: ಗಜದಿಂದ ಎಣ್ಣೆಬಟ್ಟೆಯವರೆಗೆ

ಹೊಸದಾಗಿ ಕೇಪಿನ ಕೋವಿ, ಅಂದರೆ ಬಾಯಿಯಿಂದ ಮದ್ದುಗುಂಡು ತುಂಬಿ ಕೇಪಿನ ಕಿಡಿಯಿಂದ ಹೊಡೆಯುವ ರೈಫಲ್, ಕೊಂಡವರು ಅದರ ಬೆನ್ನಿಗೇ ಕೊಳ್ಳುವುದು ಒಂದು ‘ಕಿಟ್’. ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಾಲಾಗಿ ಜೋಡಿಸಿದ ಹಿತ್ತಾಳೆ ಸಾಮಾನು, ಮೇಲೆ ‘ಎಲ್ಲ ಕೋವಿಗಳಿಗೂ ಹೊಂದುತ್ತದೆ’ ಎಂಬ ಭರವಸೆ. ನಳಿಗೆಯೊಳಗೆ ಇಳಿಸುವ ಉದ್ದನೆಯ ಕೋಲು ಗಜ; ಅದರ ತುದಿಯಲ್ಲಿ ಒರೆಸುವ ಬಟ್ಟೆ ಹಿಡಿಯುವ ಮೂತಿ ಜ್ಯಾಗ್. ಎಲ್ಲಕ್ಕೂ ಹೊಂದುವ ಜ್ಯಾಗ್ ಎಂಬುದು ಇರಲು ಸಾಧ್ಯವೇ ಇಲ್ಲ. ನಳಿಗೆಗಿಂತ ಕೂದಲೆಳೆಯಷ್ಟು ದಪ್ಪವಾದರೆ ಅದು ಒಳಗೇ ಕಚ್ಚಿಕೊಳ್ಳುತ್ತದೆ, ಸಣ್ಣದಾದರೆ ಬಟ್ಟೆಯನ್ನು ಬುಡದಲ್ಲೇ ಬಿಟ್ಟು ಬರಿಗೈಯಲ್ಲಿ ಹೊರಬರುತ್ತದೆ. ಆದ್ದರಿಂದ ಕಿಟ್ ಬಿಡಿ. ಕೋವಿಯ ಅಳತೆ ತೆಗೆದುಕೊಳ್ಳಿ, ಆಮೇಲೆ ಒಂದೊಂದನ್ನೇ ಕೊಳ್ಳಿ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕೋವಿಗೂ ಮದ್ದಿಗೂ ನಿಮ್ಮಲ್ಲಿ ಯಾವ ಪರವಾನಗಿ ಬೇಕೋ ಅದನ್ನು ಮಾಡಿಸಿಕೊಂಡಿರಿ. ಎಷ್ಟು ಮದ್ದು ಹಾಕಬೇಕು ಎಂಬುದಕ್ಕೆ ತಯಾರಕರ ಕೈಪಿಡಿಯೇ ಕೊನೆಯ ಮಾತು. ಈಗಿನ ತೋಟಾಗಳಲ್ಲಿ ಬರುವ ಸ್ಮೋಕ್‌ಲೆಸ್ (ಹೊಗೆಯಿಲ್ಲದ) ಮದ್ದನ್ನು ಇಂಥ ನಳಿಗೆಗೆ ಹಾಕುವಂತಿಲ್ಲ. ಅದಕ್ಕೆಂದೇ ತಯಾರಿಸಿದ್ದೇವೆಂದು ತಯಾರಕರೇ ಬರೆದುಕೊಟ್ಟ ಅಪರೂಪದ ಮಾದರಿಗಳಷ್ಟೇ ಹೊರತು. ಸಾಮಾನ್ಯ ನಳಿಗೆ ಒಡೆದು ಕೈ, ಮುಖ ಹಾರಿಹೋಗುತ್ತದೆ.

ಹಂತ 1: ಕೋವಿಯ ನಾಲ್ಕು ವಿವರ ಬರೆದಿಟ್ಟುಕೊಳ್ಳಿ

ಮೊದಲನೆಯದು ಒಳವ್ಯಾಸ. 0.50 ಕ್ಯಾಲಿಬರ್ ಎಂದರೆ ಅರ್ಧ ಇಂಚು, ಅಂದರೆ 12.7 ಮಿ.ಮೀ. ಸಾಮಾನ್ಯವಾಗಿ ಸಿಗುವುದು 0.45, 0.50 ಮತ್ತು 0.54. ನಳಿಗೆಯ ಮೇಲೆ ಕೊರೆದಿರುವ ಸಂಖ್ಯೆಯನ್ನೇ ನಂಬಿಕೊಂಡು ಹಳೆಯ ಕೋವಿಗೆ ಗುಂಡು ತರಬೇಡಿ. ಸವೆದಿರಬಹುದು, ಹಿಂದಿನವರು ಮತ್ತೆ ಕೊರೆಸಿರಲೂಬಹುದು. ವರ್ನಿಯರ್ ಕ್ಯಾಲಿಪರ್ ಹಿಡಿದು ಬಾಯಿಯ ಹತ್ತಿರ ಅಳೆದರೆ ಅಂದಾಜಾದರೂ ಸಿಗುತ್ತದೆ.

ಎರಡನೆಯದು ರೈಫ್ಲಿಂಗ್, ಅಂದರೆ ನಳಿಗೆಯೊಳಗೆ ಸುರುಳಿಯಾಗಿ ಕೊರೆದ ಗೀರು, ಎಷ್ಟು ಉದ್ದಕ್ಕೆ ಒಂದು ಸುತ್ತು ತಿರುಗುತ್ತದೆ ಎಂಬುದು. 60 ಇಂಚಿಗೋ 66 ಇಂಚಿಗೋ ಒಂದು ಸುತ್ತು ಬರುವ ನಿಧಾನದ ಗೀರು ಬಟ್ಟೆ ಸುತ್ತಿದ ದುಂಡು ಗುಂಡಿಗೆ. 28 ಇಂಚಿನ ಆಸುಪಾಸಿನ ಬಿಗಿ ತಿರುವು ಉದ್ದನೆಯ ಗುಂಡಿಗೆ, ಸೇಬಟ್ ಎಂಬ ಪ್ಲಾಸ್ಟಿಕ್ ತೊಟ್ಟಿಲಲ್ಲಿ ಕೂರುವ ಗುಂಡಿಗೆ. 48 ಇಂಚಿನದು ಎರಡರ ನಡುವೆ, ರಾಜಿ ಸೂತ್ರದಂತೆ. ಇದು ಗೊತ್ತಿಲ್ಲದೆ ಪ್ಯಾಚ್ (ಗುಂಡಿಗೆ ಸುತ್ತುವ ಬಟ್ಟೆ) ಕೊಳ್ಳಬೇಕೋ ಸೇಬಟ್ ಕೊಳ್ಳಬೇಕೋ ಎಂಬುದೇ ತೀರ್ಮಾನವಾಗದು.

ಮೂರನೆಯದು ಬೆಂಕಿ ಹತ್ತುವ ಬಗೆ: ಚಕಮಕಿ ಕಲ್ಲೇ, ನಿಪ್ಪಲ್ ಎಂಬ ತೂತಿರುವ ಪುಟ್ಟ ಮೂತಿಯ ಮೇಲೆ ಕೂರುವ ಕೇಪೇ (ಬಡಿದರೆ ಕಿಡಿ ಕೊಡುವ ಸಣ್ಣ ಟೋಪಿ), ನಳಿಗೆಯ ನೇರ ಹಿಂದಿನಿಂದ ಕಿಡಿ ಕೊಡುವ ಹೊಸ ಕಾಲದ ಇನ್‌ಲೈನ್ ಕೋವಿಯ 209 ಪ್ರೈಮರೇ?

ನಾಲ್ಕನೆಯದನ್ನು ಹೆಚ್ಚಿನವರು ನೋಡುವುದೇ ಇಲ್ಲ: ನಳಿಗೆಯ ಬುಡದ ಆಕಾರ. ಕೆಲವಲ್ಲಿ ಬುಡ ಚಪ್ಪಟೆ, ಕೆಲವಲ್ಲಿ ಬಟ್ಟಲಿನಂತೆ ತಗ್ಗು. ಪೇಟೆಂಟ್ ಬ್ರೀಚ್ ಎನ್ನುವ ಬಗೆಯಲ್ಲಿ ಬುಡದಲ್ಲಿ ಇನ್ನೊಂದು ಕಿರಿದಾದ ಗೂಡಿರುತ್ತದೆ. ದೊಡ್ಡ ಜ್ಯಾಗ್ ಆ ಗೂಡಿನ ಬಾಗಿಲಲ್ಲೇ ನಿಂತುಬಿಡುತ್ತದೆ, ಒಳಗಿನ ಕಿಟ್ಟ ಹಾಗೇ ಉಳಿಯುತ್ತದೆ. ‘ಎಷ್ಟು ತೊಳೆದರೂ ಮೊದಲ ಈಡು ಹತ್ತುವುದಿಲ್ಲ’ ಎಂಬ ದೂರಿನ ಹಿಂದೆ ಅನೇಕ ಸಲ ಇರುವುದು ಈ ಗೂಡು. ತಯಾರಕರ ಕೈಪಿಡಿಯಲ್ಲಿ ಬುಡದ ಚಿತ್ರ ಇದ್ದರೆ ನೋಡಿ. ಇಲ್ಲವಾದರೆ ಕೋವಿ ಖಾಲಿ ಎಂದು ಖಚಿತ ಮಾಡಿಕೊಂಡ ಮೇಲೆ ಸಣ್ಣ ಬಲ್ಬು ಇಳಿಬಿಟ್ಟು ನೋಡಿದರೆ ತಿಳಿಯುತ್ತದೆ.

ಹಂತ 2: ಗಜ

ಎಲ್ಲಕ್ಕಿಂತ ಹೆಚ್ಚು ಹಣ ಇದಕ್ಕೆ ಹಾಕಿ. ಈಡು ಜಡಿಯುವುದೂ ಇದರಿಂದಲೇ, ತೊಳೆಯುವುದೂ ಇದರಿಂದಲೇ, ಎಡವಟ್ಟಾದಾಗ ಕಾಪಾಡುವುದೂ ಇದೇ.

ಕೋವಿಯ ಹೊಟ್ಟೆಯಡಿ ಸಿಕ್ಕಿಸಿಕೊಂಡು ಬರುವ ಗಜ ಕಾಡಿನಲ್ಲಿ ಒಂದೆರಡು ಈಡಿಗೆ ಸಾಕು. ಗುರಿ ಅಭ್ಯಾಸಕ್ಕೂ ತೊಳೆಯುವುದಕ್ಕೂ ಬೇರೆಯದೇ ಉದ್ದನೆಯ ಗಜ ಇಟ್ಟುಕೊಳ್ಳಿ. ಬುಡ ಮುಟ್ಟಿದ ಮೇಲೂ ಎರಡು ಹಿಡಿಯಷ್ಟು ಹೊರಗುಳಿಯಬೇಕು, ತುದಿಯಲ್ಲಿ ಅಂಗೈಗೆ ಕೂರುವ ಗುಂಡನೆಯ ಹಿಡಿಕೆ ಇರಬೇಕು. ಹಿಡಿಕೆ ಬೇರಿಂಗ್ ಮೇಲೆ ತಿರುಗುವಂತಿದ್ದರೆ ಇನ್ನೂ ಒಳ್ಳೆಯದು. ರೈಫ್ಲಿಂಗ್ ಗೀರಿನ ಜೊತೆ ಬಟ್ಟೆ ತಾನೇ ತಿರುಗುತ್ತಾ ಹೋಗುತ್ತದೆ.

ಮರದ ಗಜವಾದರೆ ಹಿಕರಿ ಮರದ್ದು. ಕೊಳ್ಳುವಾಗ ಎಳೆ ನೋಡಿ: ಮರದ ಗೆರೆಗಳು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೇರ ಓಡಬೇಕು. ನಡುವೆ ಎಲ್ಲಾದರೂ ಗೆರೆ ಓರೆಯಾಗಿ ಪಕ್ಕಕ್ಕೆ ಜಾರಿ ಹೊರಬಿದ್ದಿದ್ದರೆ ಅದು ಒಂದು ದಿನ ಅಲ್ಲೇ ಮುರಿಯುತ್ತದೆ. ಮುರಿಯುವುದು ಈಟಿಯ ಮೊನೆಯಂತೆ ಓರೆಯಾಗಿ, ಅದೂ ಕೈಯ ಪೂರ್ತಿ ಬಲ ಕೆಳಮುಖವಾಗಿ ಬೀಳುತ್ತಿರುವಾಗ. ಮುರಿದ ಗಜ ಅಂಗೈ ತೂರಿ ಹೊರಬಂದ ಪ್ರಸಂಗಗಳು ಈ ಹವ್ಯಾಸದಲ್ಲಿ ಹೊಸವಲ್ಲ. ಅದಕ್ಕೇ ಯಾವ ಗಜವಾದರೂ ಬಾಯಿಯಿಂದ ಒಂದು ಗೇಣಿನೊಳಗೆ ಹಿಡಿದು, ಚಿಕ್ಕ ಚಿಕ್ಕದಾಗಿ ತಳ್ಳಬೇಕು.

ಫೈಬರ್‌ಗ್ಲಾಸ್ ಗಜ ಮುರಿಯುವುದು ಕಡಿಮೆ, ಬಗ್ಗುತ್ತದೆ. ಆದರೆ ಮೇಲ್ಮೈ ಸವೆದು ಎಳೆ ಎದ್ದ ಮೇಲೆ ಅದು ಅರದಂತೆ ಉಜ್ಜುತ್ತದೆ, ಎಸೆದುಬಿಡಿ. ಸ್ಟೇನ್‌ಲೆಸ್ ಸ್ಟೀಲ್ ಗಜ ನನ್ನ ಮೆಚ್ಚಿನದು, ಒಂದು ಷರತ್ತಿನ ಮೇಲೆ: ನಳಿಗೆಯ ಬಾಯಿಗೆ ಕೂರುವ ಹಿತ್ತಾಳೆಯ ಅಥವಾ ಪ್ಲಾಸ್ಟಿಕ್ಕಿನ ಮಜಲ್ ಗೈಡ್ ಜೊತೆಗಿರಬೇಕು, ಗಜ ಬಾಯಿಯ ಅಂಚಿಗೆ ಉಜ್ಜದಂತೆ. ಗುಂಡು ನಳಿಗೆಯನ್ನು ಕೊನೆಗೆ ಮುಟ್ಟುವುದು ಬಾಯಿಯ ಅಂಚಿನಲ್ಲಿ. ಆ ಅಂಚು ಒಂದು ಕಡೆ ಸವೆದರೆ ಗುಂಡು ಪ್ರತಿ ಸಲವೂ ಒಂದೇ ಕಡೆಗೆ ವಾಲುತ್ತದೆ. ಗೈಡ್‌ನ ಬೆಲೆ ಅಲ್ಪ, ನಳಿಗೆಯದು ಅಲ್ಲ.

ಗಜದ ತುದಿಯ ಥ್ರೆಡ್ ನೋಡುವುದನ್ನು ಮರೆಯಬೇಡಿ. ಚಾಲ್ತಿಯಲ್ಲಿರುವುದು ಮುಖ್ಯವಾಗಿ 8-32 ಮತ್ತು 10-32. ಎರಡರಲ್ಲೂ ಇಂಚಿಗೆ 32 ಸುತ್ತೇ, ದಪ್ಪ ಮಾತ್ರ ಬೇರೆ, ಸುಮಾರು 4.2 ಮತ್ತು 4.8 ಮಿ.ಮೀ. ಇಲ್ಲೇ ಮೋಸ ಇರುವುದು. 10-32 ತೂತಿಗೆ 8-32 ಜ್ಯಾಗ್ ಹಾಕಿ ತಿರುಗಿಸಿದರೆ ಸ್ವಲ್ಪ ಅಲುಗಾಡಿದರೂ ಹಿಡಿದಂತೆ ಕಾಣುತ್ತದೆ. ಒಳಗೆ ಹೋಗುವಾಗ ತೊಂದರೆ ಕೊಡುವುದಿಲ್ಲ. ಬಟ್ಟೆ ಬಿಗಿಯಾಗಿ ಜಗ್ಗಿ ಎಳೆಯುವಾಗ ಥ್ರೆಡ್ ಕಿತ್ತುಕೊಂಡು ಗಜ ಮಾತ್ರ ಕೈಗೆ ಬರುತ್ತದೆ. ಎಲ್ಲ ತುದಿಗಳನ್ನೂ ಒಂದೇ ಥ್ರೆಡ್‌ನಲ್ಲಿ ಕೊಳ್ಳಿ, ಬೇರೆ ಇದ್ದರೆ ಅಡಾಪ್ಟರ್ ಹಾಕಿಕೊಳ್ಳಿ. ಮರದ ಗಜದ ಹಿತ್ತಾಳೆ ತುದಿ ಬರೀ ಅಂಟಿನ ಮೇಲೆ ನಿಂತಿದೆಯೇ, ಅಡ್ಡಲಾಗಿ ಪಿನ್ ಹೊಡೆದಿದ್ದಾರೆಯೇ ಎಂದು ಸಹ ನೋಡಿ. ಪಿನ್ ಇಲ್ಲದ್ದು ಬೇಡ.

ಗಜ ಬಂದ ದಿನವೇ ಎರಡು ಗುರುತು ಹಾಕಿ. ಖಾಲಿ ನಳಿಗೆಗೆ ಇಳಿಬಿಟ್ಟು ಬಾಯಿಯ ಮಟ್ಟದಲ್ಲಿ ಒಂದು ಗೆರೆ, ನಿಮ್ಮ ಮಾಮೂಲಿ ಈಡು ಸರಿಯಾಗಿ ಕೂತಾಗ ಇನ್ನೊಂದು. ಮೊದಲ ಗೆರೆ ಕೋವಿ ಖಾಲಿ ಇದೆಯೇ ಎಂದು ಹೇಳುತ್ತದೆ, ಎರಡನೆಯದು ಗುಂಡು ಮದ್ದಿನ ಮೇಲೆ ಕೂತಿದೆಯೇ ಎಂದು. ಮದ್ದಿಗೂ ಗುಂಡಿಗೂ ನಡುವೆ ಜಾಗ ಉಳಿದರೆ ನಳಿಗೆ ಅಲ್ಲಿ ಬಳೆಯಂತೆ ಉಬ್ಬಬಹುದು, ಸಿಡಿಯಲೂಬಹುದು. ಈ ಗೆರೆಗಳಿಗೆ ಒಂದು ಪೈಸೆ ಖರ್ಚಿಲ್ಲ, ಇವುಗಳಿಗಿಂತ ದೊಡ್ಡ ಸುರಕ್ಷಾ ಸಾಧನವೂ ಇಲ್ಲ.

ಹಂತ 3: ಮದ್ದು ಅಳೆಯುವುದಕ್ಕೆ

ಇದಕ್ಕೆ ತಕ್ಕಡಿ ಬೇಡ. ಕರಿಮದ್ದನ್ನು ಗ್ರೇನ್ ಎಂಬ ತೂಕದ ಲೆಕ್ಕದಲ್ಲಿ ಹೇಳಿದರೂ ಅಳೆಯುವುದು ಗಾತ್ರದಲ್ಲಿ, ಅಳತೆ ಕೊಳವೆ ತುಂಬಿ. ಪೈರೋಡೆಕ್ಸ್‌ನಂಥ ಬದಲಿ ಮದ್ದುಗಳು ಕರಿಮದ್ದಿಗಿಂತ ಹಗುರ. ಅವುಗಳ ಕೈಪಿಡಿಯಲ್ಲಿ ಗ್ರೇನ್ ಎಂದು ಬರೆದಿರುವುದು ಅಷ್ಟು ಕರಿಮದ್ದು ಹಿಡಿಯುವ ಜಾಗ ಎಂಬ ಅರ್ಥದಲ್ಲಿ. ಅದನ್ನೇ ತೂಗಿ ಹಾಕಿದರೆ ಮದ್ದು ಹೆಚ್ಚಾಗಿಬಿಡುತ್ತದೆ.

ಶುರುವಿಗೆ ಎಳೆದು ಹಿಗ್ಗಿಸುವ ಹಿತ್ತಾಳೆ ಅಳತೆ ಕೊಳವೆ ಸಾಕು, ಮೇಲೆ ಪಕ್ಕಕ್ಕೆ ತಿರುಗುವ ಆಲಿಕೆ ಇದ್ದರೆ ಹೆಚ್ಚಿನ ಮದ್ದು ತಾನೇ ಸವರಿಹೋಗುತ್ತದೆ. ನಿಮ್ಮ ಕೋವಿಗೆ ಒಗ್ಗಿದ ಪ್ರಮಾಣ ಸಿಕ್ಕ ಮೇಲೆ ಅಷ್ಟೇ ಹಿಡಿಯುವ ಸ್ಥಿರ ಅಳತೆಗೆ ಬದಲಾಯಿಸಿಕೊಳ್ಳಿ. ತಿರುಪು ಸಡಿಲವಾಗಿ ಅಳತೆ ಜಾರುವ ಭಯ ಅದರಲ್ಲಿಲ್ಲ.

ಮದ್ದಿನ ಕೊಂಬು, ಹಿತ್ತಾಳೆ ಫ್ಲಾಸ್ಕ್ ಎರಡೂ ಚೆಂದ. ಅವುಗಳಿಂದ ನೇರವಾಗಿ ನಳಿಗೆಗೆ ಸುರಿಯುವುದು ಮಾತ್ರ ಎಂದಿಗೂ ಕೂಡದು. ಹಿಂದಿನ ಈಡಿನ ಒಂದು ಕೆಂಡ ಬುಡದಲ್ಲಿ ಉಳಿದಿದ್ದರೆ ಕೊಳವೆಯ ಮದ್ದು ಹೊತ್ತಿಕೊಂಡಾಗ ಹುಬ್ಬು ಸುಡುತ್ತದೆ. ಕೊಂಬೇ ಹೊತ್ತಿಕೊಂಡರೆ ಅದು ಕೈಯಲ್ಲಿರುವ ಬಾಂಬು.

ಕಾಳಿನ ಗಾತ್ರದ ಬಗ್ಗೆ ಚುಟುಕಾಗಿ: 2ಎಫ್ ದಪ್ಪ ಕಾಳು, ಸಾಮಾನ್ಯವಾಗಿ 0.50 ಮತ್ತು ಅದಕ್ಕಿಂತ ದೊಡ್ಡ ನಳಿಗೆಗೆ. 3ಎಫ್ ಸಣ್ಣದು, 0.45 ಮತ್ತು ಅದಕ್ಕಿಂತ ಚಿಕ್ಕದಕ್ಕೆ. 4ಎಫ್ ಚಕಮಕಿ ಕೋವಿಯಲ್ಲಿ ಕಿಡಿ ಬೀಳುವ ತಟ್ಟೆಗೆ ಮಾತ್ರ.

ಹಂತ 4: ಗುಂಡು, ಪ್ಯಾಚ್, ಸ್ಟಾರ್ಟರ್

0.50 ನಳಿಗೆಗೆ 0.490 ಇಂಚಿನ ಸೀಸದ ಗುಂಡು ಮತ್ತು 0.015 ಇಂಚು ದಪ್ಪದ ಹತ್ತಿ ಬಟ್ಟೆ, ಇದು ಎಲ್ಲರೂ ಶುರು ಮಾಡುವ ಜೋಡಿ. 0.45ಕ್ಕೆ 0.440, 0.54ಕ್ಕೆ 0.530. ಬಟ್ಟೆ ಹತ್ತಿಯದ್ದೋ ಲಿನನ್‌ದೋ ಆಗಿರಬೇಕು, ಒತ್ತಾಗಿ ನೇಯ್ದಿರಬೇಕು. ಪಾಲಿಯೆಸ್ಟರ್ ಬೆರೆತದ್ದು ಕರಗಿ ನಳಿಗೆಗೆ ಅಂಟುತ್ತದೆ. ಪರೀಕ್ಷೆ ಸುಲಭ: ಒಂದು ಎಳೆ ಕಿತ್ತು ಸುಟ್ಟು ನೋಡಿ, ಬೂದಿಯಾದರೆ ಹತ್ತಿ, ಗಟ್ಟಿ ಮಣಿಯಾದರೆ ಬೇಡ.

ಸರಿಯಾದ ಜೋಡಿ ಯಾವುದೆಂದು ಹೇಳುವುದು ಹಾರಿಬಿದ್ದ ಪ್ಯಾಚ್. ಈಡು ಹೊಡೆದು, ಕೋವಿ ಕೆಳಗಿಟ್ಟು, ಮೈದಾನದಲ್ಲಿ ಗುಂಡು ಹಾರಿಸುವುದು ನಿಂತ ಮೇಲೆ ಕೆಲವು ಮಾರು ದೂರದಲ್ಲಿ ಹುಡುಕಿ, ಸಿಗುತ್ತದೆ. ನಡುವೆ ಮಸಿ ಹಿಡಿದ ದುಂಡು ಗುರುತು, ಸುತ್ತ ಗೀರಿನ ಅಚ್ಚು, ಅಂಚು ಸ್ವಲ್ಪ ಎಳೆಬಿಟ್ಟಿದ್ದರೆ ಎಲ್ಲ ಸರಿ. ದುಂಡು ಗುರುತಿನ ಸುತ್ತ ಸುಟ್ಟು ತೂತಾಗಿದ್ದರೆ ಬಿಸಿ ಅನಿಲ ಪಕ್ಕದಿಂದ ನುಗ್ಗಿದೆ, ದಪ್ಪ ಬಟ್ಟೆ ಬೇಕು ಅಥವಾ ಜಿಡ್ಡು ಸಾಲದು. ಕತ್ತರಿಸಿದಂತೆ ಸೀಳಿದ್ದರೆ ಬಾಯಿಯ ಅಂಚೋ ಗೀರಿನ ಅಂಚೋ ಹರಿತವಾಗಿದೆ. ಹೊಸ ನಳಿಗೆಯಲ್ಲಿ ಇದು ಮಾಮೂಲಿ, ಹೊಡೆಯುತ್ತಾ ಹೋದಂತೆ ನಯವಾಗುತ್ತದೆ.

ಪ್ಯಾಚ್‌ಗೆ ಜಿಡ್ಡು ಬೇಕು. ಜೇನುಮೇಣಕ್ಕೆ ಆಲಿವ್ ಎಣ್ಣೆಯನ್ನೋ ಉಪ್ಪಿಲ್ಲದ ಕೊಬ್ಬನ್ನೋ ಬೆರೆಸಿದ ಮುಲಾಮು ಸಾಕು. ಗುರಿ ಅಭ್ಯಾಸದಲ್ಲಿ ಎಂಜಲೂ ನಡೆಯುತ್ತದೆ, ಅನೇಕ ಪಳಗಿದ ಗುರಿಕಾರರು ಇಂದಿಗೂ ಅದನ್ನೇ ಬಳಸುತ್ತಾರೆ. ಆದರೆ ಸೀಸದ ಗುಂಡು ಮುಟ್ಟಿದ ಕೈಯಲ್ಲಿ ಬಟ್ಟೆಯನ್ನು ಬಾಯಿಗಿಡಬೇಡಿ. ಮೋಟಾರು ಎಣ್ಣೆಯಂಥ ಪೆಟ್ರೋಲಿಯಂ ಜಿಡ್ಡು ಕರಿಮದ್ದಿನ ಜೊತೆ ಬೆಂದು ಟಾರಿನಂತಾಗುತ್ತದೆ, ಅದು ಬೇಡ.

ಸ್ಟಾರ್ಟರ್ ಎಂದರೆ ಗುಂಡನ್ನು ಬಾಯಿಗೆ ಕೂರಿಸಲು ಒಂದು ಗಿಡ್ಡ ಮೂತಿ, ಒಂದು ಗೇಣುದ್ದದ ಕಡ್ಡಿ ಇರುವ ದುಂಡು ಹಿಡಿಕೆ. ಬಿಗಿ ಜೋಡಿಗೆ ಇದು ಬೇಕೇ ಬೇಕು. ಇನ್‌ಲೈನ್ ಕೋವಿಯಲ್ಲಿ ಸೇಬಟ್ ಬಳಸುವವರು ಗುಂಡಿನ ಮೂತಿಯ ಆಕಾರಕ್ಕೇ ಹೊಂದುವ ಲೋಡಿಂಗ್ ತುದಿ ತೆಗೆದುಕೊಳ್ಳಬೇಕು. ಚಪ್ಪಟೆ ತುದಿಯಿಂದ ಜಡಿದರೆ ಗುಂಡಿನ ಮೊನೆ ಜಜ್ಜಿಹೋಗುತ್ತದೆ.

ಹಂತ 5: ಬೆಂಕಿ ಹತ್ತಿಸುವ ಸಾಮಾನು

ಕೇಪಿನ ಕೋವಿಗೆ ನಿಪ್ಪಲ್ ರೆಂಚ್, ನಿಪ್ಪಲ್ ಕಣ್ಣು ಚುಚ್ಚಲು ಸಣ್ಣ ತಂತಿ, ಕೇಪು ಕೂರಿಸುವ ಕ್ಯಾಪರ್. ರೆಂಚ್ ಸಡಿಲವಿದ್ದರೆ ನಿಪ್ಪಲ್‌ನ ಮೂಲೆಗಳು ಉರುಟಾಗಿ ಮತ್ತೆ ಬಿಚ್ಚಲು ಬರುವುದೇ ಇಲ್ಲ. ಒಂದು ನಿಪ್ಪಲ್ ಹೆಚ್ಚುವರಿ ಇಡಿ, ಅದರಲ್ಲೂ ಥ್ರೆಡ್ ಎಚ್ಚರ: ಅಮೆರಿಕನ್ ಕೋವಿಗಳಲ್ಲಿ ಹೆಚ್ಚಾಗಿ ಕಾಣುವ ಕಾಲಿಂಚಿನ 28 ಸುತ್ತಿನದೂ ಮೆಟ್ರಿಕ್ 6 ಮಿ.ಮೀ.ನದೂ ಕಣ್ಣಿಗೆ ಒಂದೇ. ಬಲವಂತವಾಗಿ ತಿರುಗಿಸಿದರೆ ಹಾಳಾಗುವುದು ನಳಿಗೆಯ ಥ್ರೆಡ್. ಕೇಪುಗಳಲ್ಲಿ 11ನೇ ನಂಬರ್ ಸಾಮಾನ್ಯ, ಆದರೆ ಒಬ್ಬರ 11 ಇನ್ನೊಬ್ಬರ 11ಕ್ಕಿಂತ ಬಿಗಿಯಿರಬಹುದು. ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದಾಗ ಪೂರ್ತಿ ಕೂರಬೇಕು. ಅರ್ಧ ಕೂತ ಕೇಪಿಗೆ ಕುದುರೆಯ (ಕೇಪನ್ನು ಬಡಿಯುವ ಸುತ್ತಿಗೆಯ) ಮೊದಲ ಏಟು ಅದನ್ನು ಕೂರಿಸುವುದರಲ್ಲೇ ಮುಗಿಯುತ್ತದೆ.

ಚಕಮಕಿ ಕೋವಿಯವರಿಗೆ ಸಾಮಾನು ಹೆಚ್ಚು: ಹೆಚ್ಚುವರಿ ಕಲ್ಲು, ಕಲ್ಲಿಗೆ ಸುತ್ತುವ ಚರ್ಮದ ತುಂಡು, ಅಂಚು ಹರಿತ ಮಾಡುವ ಉಪಕರಣ, ಬೆಂಕಿ ನಳಿಗೆಯೊಳಗೆ ಹೋಗುವ ಪಕ್ಕದ ತೂತಿಗೆ ತಂತಿ, ತಟ್ಟೆಗೆ ಸಣ್ಣ ಕುಂಚ, 4ಎಫ್‌ಗೆ ಪುಟ್ಟ ಫ್ಲಾಸ್ಕ್. ಜೊತೆಗೆ, ಕಲ್ಲು ಬಡಿಯುವ ಉಕ್ಕಿನ ಮುಖಕ್ಕೆ ತೊಡಿಸುವ ಚರ್ಮದ ಟೋಪಿ. ಈಡು ತುಂಬುವಾಗ ಕಿಡಿ ಹುಟ್ಟದಂತೆ ತಡೆಯುವುದು ಇದೇ, ಬಿಡಬೇಡಿ.

ಇನ್‌ಲೈನ್‌ಗೆ ಬ್ರೀಚ್ ಪ್ಲಗ್ (ನಳಿಗೆಯ ಬುಡ ಮುಚ್ಚುವ ತಿರುಪು) ರೆಂಚ್ ಮತ್ತು ಥ್ರೆಡ್‌ಗೆ ಹಚ್ಚುವ ಆ್ಯಂಟಿ-ಸೀಜ್ ಗ್ರೀಸ್. ಗ್ರೀಸ್ ಹಚ್ಚದೆ ಬಿಟ್ಟರೆ ಪ್ಲಗ್ ಬೆಸುಗೆ ಹಾಕಿದಂತೆ ಕಚ್ಚುತ್ತದೆ.

ಹಂತ 6: ಈಡು ತುಂಬುವಾಗ ಇವು ಕೈಗೆ ಬರುವ ಕ್ರಮ

ಕನ್ನಡಕ ಹಾಕಿ. ಗಜ ಇಳಿಸಿ ಖಾಲಿ ಗೆರೆ ನೋಡಿ. ಒಣ ಪ್ಯಾಚ್‌ನಿಂದ ಎಣ್ಣೆ ಒರೆಸಿ. ಸುರಕ್ಷಿತ ದಿಕ್ಕಿಗೆ ಬಾಯಿ ಮಾಡಿ ಒಂದೆರಡು ಬರೀ ಕೇಪು ಹೊಡೆಯಿರಿ. ಬಾಯಿಯನ್ನು ಹುಲ್ಲಿನ ಗರಿಯ ಹತ್ತಿರ ಹಿಡಿದರೆ ಗರಿ ಅಲುಗಬೇಕು, ಆಗ ದಾರಿ ತೆರೆದಿದೆ ಎಂದರ್ಥ. ಇನ್ನು ಕೋವಿಯನ್ನು ಮುಖದಿಂದ ಓರೆಯಾಗಿ ಹಿಡಿದು, ಅಳತೆ ಕೊಳವೆಯಿಂದ ಮದ್ದು ಸುರಿದು, ನಳಿಗೆಯ ಪಕ್ಕಕ್ಕೆ ಮೆಲ್ಲಗೆ ತಟ್ಟಿ. ಜಿಡ್ಡಿನ ಪ್ಯಾಚ್, ಮೇಲೆ ಗುಂಡು. ಅಚ್ಚಿನಿಂದ ಬಂದ ಗುಂಡಾದರೆ ತೊಟ್ಟು ಕತ್ತರಿಸಿದ ಗುರುತು ಮೇಲ್ಮುಖವಾಗಿರಲಿ. ಸ್ಟಾರ್ಟರ್‌ನಿಂದ ಒಳಗಿಳಿಸಿ, ಗಜದಿಂದ ಸಣ್ಣ ತಳ್ಳುಗಳಲ್ಲಿ ಎರಡನೇ ಗೆರೆಯವರೆಗೆ ತನ್ನಿ. ಕೂತ ಮೇಲೆ ಗಜವನ್ನು ಎತ್ತಿ ಎತ್ತಿ ಕುಟ್ಟಬೇಡಿ, ಮದ್ದಿನ ಕಾಳು ಪುಡಿಯಾಗುತ್ತದೆ. ಗಜ ಹೊರತೆಗೆಯಿರಿ. ಕೇಪು ಎಲ್ಲಕ್ಕಿಂತ ಕೊನೆಗೆ, ಗುರಿ ಹಿಡಿಯುವ ಜಾಗದಲ್ಲಿ ನಿಂತ ಮೇಲೆ.

ಹೊಡೆದರೂ ಹತ್ತದಿದ್ದರೆ ಬಾಯಿ ಗುರಿಯ ಕಡೆಗೇ ಇರಲಿ, ಕನಿಷ್ಠ ಒಂದು ನಿಮಿಷ ಕಾಯಿರಿ. ತಡವಾಗಿ ಹತ್ತುವುದುಂಟು.

ಮದ್ದು ಹಾಕದೆ ಗುಂಡು ಜಡಿದುಬಿಡುವುದು ಎಲ್ಲರಿಗೂ ಆಗುವ ಎಡವಟ್ಟು. ಅದಕ್ಕೆ ಎರಡು ದಾರಿ. ನಿಪ್ಪಲ್ ಮೇಲೆ ಕೂರಿಸುವ ಇಂಗಾಲದ ಡೈಆಕ್ಸೈಡ್ ಸಿಲಿಂಡರಿನ ಡಿಸ್ಚಾರ್ಜರ್ ಗುಂಡನ್ನು ಗಾಳಿಯಿಂದಲೇ ನೂಕುತ್ತದೆ. ಬಾಯಿಯ ಮುಂದೆ ಯಾರೂ ಇರಬಾರದು. ಇನ್ನೊಂದು ಬಾಲ್ ಪುಲ್ಲರ್: ಗಜದ ತುದಿಯ ತಿರುಪು ಸೀಸಕ್ಕೆ ಕೊರೆದು ಹಿಡಿಯುತ್ತದೆ. ಸುತ್ತ ಹಿತ್ತಾಳೆಯ ಕಾಲರ್ ಇರುವಂಥದ್ದನ್ನೇ ಕೊಳ್ಳಿ, ಇಲ್ಲದಿದ್ದರೆ ತಿರುಪು ಪಕ್ಕಕ್ಕೆ ಜಾರಿ ಗೀರಿಗೆ ಗಾಯ ಮಾಡುತ್ತದೆ. ಒಳಗೆ ಮದ್ದಿರುವ ಸಂಶಯ ಎಳ್ಳಷ್ಟಿದ್ದರೂ ಕೇಪು ತೆಗೆದು, ಮೊದಲು ನಿಪ್ಪಲ್ ಕಡೆಯಿಂದ ನೀರು ಬಿಟ್ಟು ಮದ್ದನ್ನು ನೆನೆಸಿ.

ಹಂತ 7: ತೊಳೆಯುವ ಸಾಮಾನು, ತೊಳೆಯುವ ರೀತಿ

ಕರಿಮದ್ದು 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ. ಸುಟ್ಟ ಮೇಲೆ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಘನರೂಪದಲ್ಲೇ ಉಳಿಯುತ್ತದೆ, ಮುಖ್ಯವಾಗಿ ಪೊಟ್ಯಾಸಿಯಂ ಲವಣಗಳು. ಇವು ಗಾಳಿಯ ತೇವ ಹೀರಿ ಉಕ್ಕಿಗೆ ತುಕ್ಕು ಹಿಡಿಸುತ್ತವೆ. ಇವು ಲವಣಗಳಾದ್ದರಿಂದ ಕರಗಿಸಲು ನೀರೇ ಮದ್ದು. ದುಬಾರಿ ಬಾಟಲಿಗಳಲ್ಲಿ ಬರುವ ಹಲವು ದ್ರಾವಣಗಳಲ್ಲೂ ಕೆಲಸ ಮಾಡುವುದು ಹೆಚ್ಚಾಗಿ ನೀರೇ. ಪೈರೋಡೆಕ್ಸ್‌ನಲ್ಲಿ ಪರ್ಕ್ಲೋರೇಟ್ ಇರುವುದರಿಂದ ಕ್ಲೋರೈಡ್ ಉಪ್ಪೂ ಉಳಿಯುತ್ತದೆ, ಅದನ್ನು ಇನ್ನೂ ಬೇಗ ತೊಳೆಯಬೇಕು. ಬ್ಲ್ಯಾಕ್‌ಹಾರ್ನ್ 209 ಎಂಬ ಬದಲಿ ಮದ್ದು ಮಾತ್ರ ಬೇರೆ ಜಾತಿ. ಅದರ ಕಿಟ್ಟ ನೀರಿಗೆ ಬಗ್ಗುವುದಿಲ್ಲ, ಪೆಟ್ರೋಲಿಯಂ ಆಧಾರಿತ ದ್ರಾವಣವೇ ಬೇಕು.

ಕೊಳ್ಳಬೇಕಾದ್ದು ಇಷ್ಟು: ನಿಮ್ಮ ಕ್ಯಾಲಿಬರ್‌ನದೇ ಹಿತ್ತಾಳೆ ಜ್ಯಾಗ್, ಹತ್ತಿ ಪ್ಯಾಚ್‌ಗಳು, ಬುಡದ ಆಕಾರಕ್ಕೆ ಹೊಂದುವ ಸ್ಕ್ರೇಪರ್, ಪೇಟೆಂಟ್ ಬ್ರೀಚ್ ಇದ್ದರೆ ಗೂಡಿನೊಳಗೆ ಹೋಗುವ ಸಣ್ಣ ಬ್ರಷ್, ಕಳಚಿಬಿದ್ದ ಬಟ್ಟೆ ಎಳೆಯಲು ಎರಡು ಸುರುಳಿಯ ವರ್ಮ್. ಜ್ಯಾಗ್ ಸರಿಯಿದೆಯೇ ಎಂದು ತಿಳಿಯಲು ಒದ್ದೆ ಪ್ಯಾಚ್ ಹಾಕಿ: ಹೋಗುವಾಗ ನಯವಾಗಿ ಜಾರಬೇಕು, ಬರುವಾಗ ಬಟ್ಟೆ ಮುದುಡಿ ಗೀರುಗಳನ್ನು ಹಿಡಿದು ಕೆರೆಯಬೇಕು.

ಪೂರ್ತಿ ಅಳತೆಯ ಕಂಚಿನ ಬ್ರಷ್ ಅನ್ನು ನಾನು ಶಿಫಾರಸು ಮಾಡುವುದಿಲ್ಲ. ಹಿಂದಿನಿಂದ ತೆರೆಯುವ ಕೋವಿಯಲ್ಲಿ ಅದು ಆ ಕಡೆ ಹೊರಬಿದ್ದು ತಿರುಗುತ್ತದೆ. ಇಲ್ಲಿ ಬುಡ ಮುಚ್ಚಿದೆ, ನಳಿಗೆಯೊಳಗೇ ಬಿರುಗೂದಲು ಹಿಮ್ಮುಖ ಮಡಚಬೇಕು, ಹಾಗಾಗಿ ಕಚ್ಚಿಕೊಳ್ಳುತ್ತದೆ. ಸಿಕ್ಕಿಬಿದ್ದರೆ ಗಜವನ್ನು ಥ್ರೆಡ್ ಬಿಗಿಯಾಗುವ ದಿಕ್ಕಿಗೇ ತಿರುಗಿಸುತ್ತಾ ಎಳೆಯಿರಿ.

ಈಗ ಕೆಲಸ. ಕೋವಿ ಖಾಲಿ ಎಂದು ಗೆರೆ ನೋಡಿ ಖಚಿತಪಡಿಸಿಕೊಳ್ಳಿ. ನಳಿಗೆ ಕೊಕ್ಕೆಯಿಂದ ಬಿಚ್ಚಿಕೊಳ್ಳುವಂತಿದ್ದರೆ ಬಿಚ್ಚಿ, ನಿಪ್ಪಲ್ ತೆಗೆದು, ಬುಡವನ್ನು ಬಕೆಟ್‌ನ ಉಗುರುಬೆಚ್ಚಗಿನ ನೀರಲ್ಲಿ ಅದ್ದಿ. ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು. ಜ್ಯಾಗ್ ಮೇಲೆ ಪ್ಯಾಚ್ ಹಾಕಿ ಪಂಪ್ ಹೊಡೆದಂತೆ ಏರಿಳಿಸಿದರೆ ನೀರು ಬುಡದಿಂದ ಏರಿ ಇಳಿಯುತ್ತದೆ. ಮೊದಲು ಕೊಳೆತ ಮೊಟ್ಟೆಯ ವಾಸನೆ, ಕಾಡಿಗೆಯಂಥ ನೀರು. ಎರಡನೇ ಬಕೆಟ್‌ನಲ್ಲಿ ಬೂದು, ಮೂರನೆಯದರಲ್ಲಿ ತಿಳಿ. ನಡುವೆ ಒಮ್ಮೆ ಸ್ಕ್ರೇಪರ್ ಇಳಿಸಿ ಬುಡವನ್ನು ತಿರುಗಿಸಿ ಕೆರೆಯಿರಿ. ಕುದಿಯುವ ನೀರು ಬೇಗ ಒಣಗಿಸುತ್ತದೆ ನಿಜ, ಆದರೆ ಕಣ್ಣೆದುರೇ ಕಿತ್ತಳೆ ಬಣ್ಣದ ತೆಳು ತುಕ್ಕು ಏಳಿಸುತ್ತದೆ.

ನಳಿಗೆಯನ್ನು ಪಿನ್ ಹೊಡೆದು ಮರಕ್ಕೆ ಕೂರಿಸಿದ್ದರೆ ಬಿಚ್ಚಬೇಡಿ, ಪಿನ್ ತೂತು ಸಡಿಲವಾಗುತ್ತದೆ. ಪಕ್ಕದ ತೂತಿಗೆ ಹಲ್ಲುಕಡ್ಡಿ ತುರುಕಿ, ಮೂರನೇ ಒಂದು ಪಾಲು ನೀರು ಹೊಯ್ದು, ಬಾಯಿ ಮುಚ್ಚಿ ಅಲ್ಲಾಡಿಸಿ ಚೆಲ್ಲಿ, ತಿಳಿಯಾಗುವವರೆಗೆ ಹೀಗೇ. ತೂತಿಗೆ ಸಿಕ್ಕಿಸುವ ಕ್ಲ್ಯಾಂಪ್ ಮತ್ತು ರಬ್ಬರ್ ಕೊಳವೆ ಸಿಕ್ಕರೆ ಮರ ನೆನೆಯುವುದಿಲ್ಲ.

ಒಣಗಿಸುವುದರಲ್ಲಿ ಅವಸರ ಬೇಡ. ಪ್ಯಾಚ್ ಪೂರ್ತಿ ಒಣಗಿ ಬರುವವರೆಗೆ ಒರೆಸಿ, ಬುಡದ ಮೂಲೆಯ ತೇವಕ್ಕೆ ಆಲ್ಕೊಹಾಲ್ ಹಾಕಿದ ಪ್ಯಾಚ್ ಒಮ್ಮೆ. ನಿಪ್ಪಲ್ ತೊಳೆದು, ಥ್ರೆಡ್‌ಗೆ ಚೂರು ಗ್ರೀಸ್ ಹಚ್ಚಿ ಹಾಕಿ. ಆಮೇಲೆ ತುಕ್ಕು ತಡೆಯುವ ಎಣ್ಣೆ, ತೆಳುವಾಗಿ. ನೈಸರ್ಗಿಕ ಜಿಡ್ಡು ಹಚ್ಚಿ ಹಚ್ಚಿ ನಳಿಗೆಯನ್ನು ಕಾವಲಿಯಂತೆ ಪಳಗಿಸಬಹುದು ಎನ್ನುವವರಿದ್ದಾರೆ. ಇಂದಿನ ಉಕ್ಕಿನ ನಳಿಗೆ ಹಾಗೆ ಪಳಗುವುದಿಲ್ಲ, ಆ ಜಿಡ್ಡಿನಡಿಯಲ್ಲೇ ತುಕ್ಕು ಬೆಳೆಯುತ್ತದೆ.

ಮರುದಿನ ಬಿಳಿ ಪ್ಯಾಚ್ ಒಂದನ್ನು ಇಳಿಸಿ ತೆಗೆಯಿರಿ. ಕಂದು ಬಣ್ಣ ಬಂದರೆ ಎಲ್ಲೋ ತೇವ ಉಳಿದಿತ್ತು. ಮತ್ತೆ ಒರೆಸಿ, ಮತ್ತೆ ಎಣ್ಣೆ ಹಚ್ಚಿ, ಇನ್ನೊಂದು ದಿನ ಬಿಟ್ಟು ನೋಡಿ. ಬಿಳಿಯಾಗಿಯೇ ಬಂದ ಮೇಲೆ ಕೋವಿಯನ್ನು ಬಾಯಿ ಕೆಳಗೆ ಮಾಡಿ ಬೀಗ ಹಾಕಿದ ಜಾಗದಲ್ಲಿ ನಿಲ್ಲಿಸಿ, ಎಣ್ಣೆ ಬುಡಕ್ಕಿಳಿದು ಮುಂದಿನ ಸಲದ ಮದ್ದನ್ನು ನೆನೆಸದಿರಲಿ. ಮದ್ದು, ಕೇಪು ಎರಡನ್ನೂ ಬೇರೆ ಬೇರೆ ಕಡೆ ಇಡಿ.